ಗೆಣ್ಣು

‘ಚದರ ಫೂಟಿಗೆ ಎಷ್ಟ್ರೀ?’ ಅಂತಾರ
ಬೆಟಗೇರಿಯ ಮಾಸ್ತರು, ನಾ ಚಪ್ಪಲಿ ಬಿಡೂಕಿಂತ ಮೊದಲ.
ಟೇಪು ಬಿಚ್ಚಂಗಿಲ್ಲ ನಾ.
ಗೋಡಿಗೆ ಗೆಣ್ಣಿಲೆ ಬಡೀತೀನಿ: ಟಕ್, ಟಕ್,
ಬಚ್ಚಲ ಕಡೆ ಮೂಲ್ಯಾಗ ಡಬ್.
ಅಲ್ಲೇ ಐತಿ ರೇಟು.

ಬಣ್ಣದ ಬೆಲೆ ಡಬ್ಬಿ ಮ್ಯಾಲ ಇರತೈತಿ;
ಕೆರಿಯೂದರದ್ದು ಯಾರು ಬರದಾರ?
ಹನ್ನೊಂದು ದೀಪಾವಳಿ ಸುಣ್ಣ, ಅದರ ಕೆಳಗ ನೀಲಿ,
ನೀಲಿ ಕೆಳಗ ಉಪ್ಪು.
ಇಂಥಾದ್ದೊಂದು ಮನಿ ಕಣ್ಣಳತಿಲೆ ಹಿಡದು
ನಮ್ಮಪ್ಪ ಸೈಕಲ್ ಮಾರಿ ಕೆಲಸ ಮುಗಿಸಿದ್ದ.

‘ಬಾಗಲಾ ಕಿಡಕಿ ಕಳೀರಿ ಮತ್ತ.’
ಕಳೀತೀನ್ರೀ ಸರ.
ಒಂದೊಂದು ಸರಳಿಗೆ ನಾಕು ಮಗ್ಗಲಾ,
ಬುಡನಸಾಬನ ನಡನೋವು,
ಅವನ್ನ ಕೂಡಿಸಲೇನು?

ಚಾ ತರಿಸಿದ್ರು.
ನಾ ಚೀಟಿ ಬರಿಯೂದ್ರಾಗ
ತಾವೂ ಒಮ್ಮೆ ಗೋಡಿ ಬಡದು ನೋಡಿದ್ರು.
ಡಬ್.
ಬಸಿ ಕೆಳಗಿಟ್ಟು, ಇನ್ನೊಮ್ಮೆ.