ಸಣ್ಣಪುಟ್ಟ ದೋಷಗಳನ್ನು ಸರಿಪಡಿಸಲಾಗಿದೆ

‘ಮೂರು ವರ್ಷದಿಂದ ನಿಮ್ಮ ಆ್ಯಪ್ ಬದಲಾಗಿಲ್ಲ.
ಮೂವತ್ತು ದಿನದೊಳಗೆ ಹೊಸತು ಕಳಿಸದಿದ್ದರೆ
ಮಳಿಗೆಯಿಂದ ತೆಗೆದುಹಾಕುತ್ತೇವೆ.’
ಪತ್ರಕ್ಕೆ ಸಹಿ ಇಲ್ಲ. ವಿಳಾಸದ ಹೆಸರೇ
ಉತ್ತರಿಸಬೇಡಿ.

ಬದಲಾಗಿಲ್ಲ, ನಿಜ.
ಚಂದ್ರನೂ ಬದಲಾಗಿಲ್ಲ.
ಗಲೀಸಿಯಾದ ಈ ಕೊಲ್ಲಿಗೆ, ನಮ್ಮ ಕಂಬಾದೋಸಿಗೆ,
ನೀರು ಎರಡು ಸಲ ಬರುತ್ತದೆ, ಎರಡು ಸಲ ಹೋಗುತ್ತದೆ,
ನಾಳೆ ಇವತ್ತಿಗಿಂತ ಸುಮಾರು ಐವತ್ತು ನಿಮಿಷ ತಡ.
ಅಷ್ಟನ್ನೇ ಹೇಳುತ್ತದೆ ನನ್ನದು:
ಕಪ್ಪು ತೆರೆಯ ಮೇಲೊಂದು ದೊಡ್ಡ ಹಳದಿ ಅಂಕಿ,
ಕಡಲು ವಾಪಸಾಗಲು ಇನ್ನೆಷ್ಟು ಹೊತ್ತು.

ಮೊದಲ ಸಲ ಕಳಿಸಿದಾಗ ತಿರಸ್ಕರಿಸಿದ್ದರು.
‘ತೀರಾ ಸರಳವಾಗಿದೆ,
ಬಳಕೆದಾರರಿಗೆ ಇನ್ನಷ್ಟು ಅನುಭವ ಕೊಡಿ.’
ಬರೆದೆ: ಸ್ವಾಮಿ, ಇವರು
ಕೆಸರಲ್ಲಿ ಬಗ್ಗಿ ಬಳಚು ಕೆದಕುವ ಹೆಂಗಸರು.
ಒಂದು ಕೈಯಲ್ಲಿ ಕುಂಟೆ, ಇನ್ನೊಂದರಲ್ಲಿ ಬಕೆಟ್ಟು,
ಎರಡಕ್ಕೂ ರಬ್ಬರಿನ ಗವಸು.
ಫೋನನ್ನು ಮೂಗಿನಿಂದ ಒತ್ತುತ್ತಾರೆ.
ಗುಂಡಿಯನ್ನು ಮೂಗಿನ ಅಳತೆಗೇ ಮಾಡಿದ್ದೇನೆ.
ಅನುಭವ ಅವರಿಗೆ ಸೊಂಟದ ತನಕ ಇದೆ.

ಸುಂಕದವನ ಮುಂದೆ ಸುಖದುಃಖ.
ಕೊನೆಗೆ ಮುಟ್ಟಿದರೆ ಅಲ್ಲಾಡುವ
ಒಂದು ಶಂಖ ಸೇರಿಸಿದೆ.
ಒಪ್ಪಿದರು.

ಕಳೆದ ವರ್ಷ ಬಂದದ್ದು ಹನ್ನೊಂದು ಯೂರೋ,
ಅವರ ಪಾಲು ಮುರಿದುಕೊಂಡ ಮೇಲೆ.
ಕಟ್ಟಿದ ಬಾಡಿಗೆ ಅದರ ಒಂಬತ್ತು ಪಟ್ಟು.
ಹನ್ನೊಂದು ಯೂರೋಗೆ ಒಂದು ತಟ್ಟೆ ಬಳಚು ಬರುತ್ತದೆ,
ವೇಳೆ ನಾನೇ ಹೇಳಿಕೊಟ್ಟ ಬಳಚು.
(ಹೊಟ್ಟೆಪಾಡಿಗೆ ಬೇರೆ ಇದೆ. ಹೋಟೆಲುಗಳ ಕೊಠಡಿ
ಕಾದಿರಿಸುವ ಆ್ಯಪ್. ಅದರಲ್ಲಿ ಶಂಖಗಳು ಬಹಳ.)

ಇರುವುದೊಂದೇ ವಿಮರ್ಶೆ. ಒಂದೇ ನಕ್ಷತ್ರ.
ಬರೆದವಳು ದೋಸಿಂದಾ, ನಮ್ಮ ಸಾಲಿನ ಮೂರನೇ ಮನೆ.
ನಾಲ್ಕು ರಾತ್ರಿ ನಿದ್ದೆಗೆಟ್ಟು
ಹರಾಜುಕಟ್ಟೆಯಲ್ಲಿ, ತಕ್ಕಡಿಯ ಎದುರೇ, ಕೇಳಿಬಿಟ್ಟೆ.
‘ಒಂದನೇ ನಂಬರು ಕೊಟ್ಟೆನಲ್ಲೇ ಉಷಿಯಾ,
ಐದನೇ ಸ್ಥಾನ ಬೇಕಿತ್ತಾ ನಿನಗೆ?’

ಮೇಜಿನ ಖಾನೆಯಲ್ಲಿ ಒಂಬತ್ತು ಫೋನುಗಳಿವೆ,
ಪರೀಕ್ಷೆಗೆಂದು, ಎಲ್ಲ ಅವರ ಫೋನುಗಳ ವಾರಿಗೆಯವು.
ಒಂದರ ಬ್ಯಾಟರಿ ಉಬ್ಬಿ ಬೆನ್ನು ಬಿಟ್ಟಿದೆ.
ಒಂದು ದೋಸಿಂದಾಳದ್ದೇ: ಉಪ್ಪು ತಿಂದದ್ದು
ನೀರು ಕುಡಿಯಲೇಬೇಕಲ್ಲ, ಕುಡಿದೇ ಸತ್ತಿತು.
ಪ್ರತಿ ಸೆಪ್ಟೆಂಬರಿನಲ್ಲಿ ಹೊಸ ಫೋನು ವೇದಿಕೆಗೆ ಬಂದಾಗ
ಲೆಕ್ಕ ಹಾಕುತ್ತೇನೆ, ಈ ಸಲ ಯಾರದ್ದು ಮುದಿಯಾಯಿತು?
ಪೂರಾಳದ್ದು. ಎರ್ಮಿತಾಸಳದ್ದು.
ಕರೆ ಹೋಗುತ್ತದೆ, ಬರುತ್ತದೆ, ಮೊಮ್ಮಗುವಿನ ಫೋಟೋ ಇದೆ,
ಗಾಜೂ ಒಡೆದಿಲ್ಲ.
ಆದರೂ ಮುದಿ.

ಹನ್ನೆರಡು ಹೊಡೆಯಿತು. ಕೋಡು ತೆರೆದು ಕೂತಿದ್ದೇನೆ.
ತಿದ್ದಲು ಏನೂ ಇಲ್ಲ.
೨.೦.೦ ಇದ್ದದ್ದನ್ನು ೨.೦.೧ ಮಾಡುತ್ತೇನೆ.
ಸಲಕರಣೆ ಎಚ್ಚರಿಸುತ್ತದೆ, ಹೊಸತಾಗಿ ಕಟ್ಟಿದರೆ
ಅಷ್ಟು ಹಳೆಯ ಫೋನುಗಳಲ್ಲಿ ಇದು ಇಳಿಯುವುದಿಲ್ಲ.
ಅಂದರೆ, ಎರ್ಮಿತಾಸ್,
ನಿನಗಾಗಿ ಮಳಿಗೆಯಲ್ಲಿ ಉಳಿಯಲು
ನಿನ್ನನ್ನೇ ಹೊರಗಿಡಬೇಕು.

‘ಈ ಆವೃತ್ತಿಯಲ್ಲಿ ಹೊಸತೇನು?’
ಖಾಲಿ ಬಿಡುವಂತಿಲ್ಲದ ಒಂದು ಚೌಕ.
ಎಲ್ಲರೂ ಬರೆಯುವುದನ್ನೇ ಬರೆದೆ:
ಸಣ್ಣಪುಟ್ಟ ದೋಷಗಳನ್ನು ಸರಿಪಡಿಸಲಾಗಿದೆ.
ಯಾರ ದೋಷವೋ. ಕಡಲದ್ದಿರಬೇಕು.
ಮೊನ್ನೆ ದಕ್ಷಿಣದ ಗಾಳಿಗೆ
ಹತ್ತು ನಿಮಿಷ ಮುಂಚೆ ಬಂದಿತ್ತು.

ಎರಡು ವಾರದ ಮೇಲೆ, ಡಿಸೆಂಬರು,
ಬೆಳಗಿನ ಏಳೂವರೆ, ಇನ್ನೂ ಕತ್ತಲು, ಪೂರ್ತಿ ಇಳಿತ.
ಕಿಟಕಿಯಿಂದ ಕಾಣುತ್ತವೆ ಕೆಸರುಬಯಲಲ್ಲಿ
ಬಗ್ಗುವ, ಏಳುವ, ಒಮ್ಮೊಮ್ಮೆ
ಮೂಗಿನ ಹತ್ತಿರ ಹೋಗಿಬರುವ ಹಳದಿ ಚುಕ್ಕಿಗಳು.
ಎಣಿಸಿದೆ. ಮೂವತ್ತೇಳು.
ಮಳಿಗೆಯ ಲೆಕ್ಕದಲ್ಲಿ
ಸಕ್ರಿಯ ಸಾಧನಗಳು ಇಪ್ಪತ್ತೊಂಬತ್ತು.

ಉಳಿದ ಎಂಟು ಎಲ್ಲಿಂದ ಬಂದವು?
ಭಾನುವಾರ ಸಂಜೆ ಎರ್ಮಿತಾಸಳ ಅಡುಗೆಮನೆಯಲ್ಲಿ
ಒಂದು ಕೇಬಲ್ಲು ಇತ್ತು, ಕಾಫಿ ಇತ್ತು.
ಇಷ್ಟೇ ಹೇಳುತ್ತೇನೆ.