ಇಪ್ಪತ್ತೆಂಟು

ಅಜ್ಮಾನಿನ ಅಲ್ ಜುರ್ಫ್‌ನಲ್ಲಿ ನನ್ನ ಕೆಲಸ
ಕಾಂಕ್ರೀಟು ಒಡೆಯುವುದು.
ಮಗುವಿನ ತಲೆಯಷ್ಟು ಘನಗಳು. ಹೊರಗೆ ನಲವತ್ತಾರು ಡಿಗ್ರಿ,
ಅವಕ್ಕೆ ಮಾತ್ರ ಇಪ್ಪತ್ತರ ತಣ್ಣೀರು ತೊಟ್ಟಿ.
ಇಪ್ಪತ್ತೆಂಟನೆಯ ದಿನ ಎತ್ತಿ, ಒರೆಸಿ,
ಪ್ರೆಸ್ಸಿಗಿಟ್ಟು ಗುಂಡಿ ಒತ್ತುತ್ತೇನೆ.
ಮೂರು ಘನ ಮುರಿದ ಸದ್ದಿನಿಂದ
ಹನ್ನೆರಡು ಮಹಡಿಯ ಜಾತಕ ಬರೆಯುವವ.

ಅದಕ್ಕೇ ಇರಬೇಕು, ಮೇಲಿನ ಬಂಕಿನ ಸಿಪ್ರಿಯನ್,
ಟವರ್ ಕ್ರೇನಿನವ, ಒಂದು ರಾತ್ರಿ ತಲೆ ಕೆಳಗೆ ಇಳಿಬಿಟ್ಟು
‘ಲ್ಯಾಬಿನ ದೊರೆ, ಒಂದು ಪರೀಕ್ಷೆ ಉಂಟು,
ಇವಳು ಮೋಸಗಾತಿ ಅಂತ ಬರೆದುಕೊಡು’ ಎಂದ.

ಇವಳು ಅಂದರೆ ಫೋನಿನಲ್ಲಿ ಇಸ್ಪೀಟು ಹಂಚುವ ಹುಡುಗಿ.
ಹುಡುಗಿಯೂ ಅಲ್ಲ, ಕಣ್ಣು ಮಿಟುಕಿಸುವ ಚಿತ್ರ.
ಕಂಬಳಿಯೊಳಗೆ, ವಿಪಿಎನ್ ಹಾಕಿ, ಯಾರಿಗೂ ತಿಳಿಯದ ಹಾಗೆ
(ಆರು ಮಂದಿಯ ರೂಮು, ಆರು ಮಂದಿಗೂ ತಿಳಿದಿತ್ತು)
ಇಪ್ಪತ್ತೊಂದರ ಬೆನ್ನು ಹತ್ತಿ
ನಾಲ್ಕು ಸಾವಿರದ ಮುನ್ನೂರು ದಿರ್ಹಮ್ ಕಳೆದಿದ್ದ.

‘ಹದಿನಾರರಲ್ಲಿ ನಿಂತಿದ್ದಳು, ಐದು ತೆಗೆದಳು.
ಮತ್ತೆ ಹದಿನಾರು. ಮತ್ತೆ ಐದು, ಮಾರಾಯ!’
ಅವನಿಗೆ ಎಲ್ಲ ಐದುಗಳೂ ನೆನಪಿದ್ದವು.
ಅವಳು ಇಪ್ಪತ್ತೊಂದು ದಾಟಿ ಮುರಿದ ಒಂದು ಆಟವೂ ನೆನಪಿರಲಿಲ್ಲ.

ಇಲ್ಲಿವರೆಗಿನದು ಮರೆತುಬಿಡು, ಅಂದೆ.
ಸಂಶಯ ಹುಟ್ಟಿಸಿದ ಆಟವೇ ಸಾಕ್ಷಿಗೆ ಬರಕೂಡದು.
ಬಿರುಕು ಕಂಡ ಘನವನ್ನೇ ಆರಿಸಿ ತಂದರೆ
ಅದು ಪರೀಕ್ಷೆಯಲ್ಲ, ಚಾಡಿ.

ಪುಕ್ಕಟೆ ಆಟದಲ್ಲಿ ನೋಡೋಣ, ಕಾಸು ಉಳಿಯುತ್ತದೆ ಎಂದ.
ಅದೂ ಬೇಡ. ಲ್ಯಾಬಿಗೆಂದೇ ಸಿಮೆಂಟು ಧಾರಾಳ ಸುರಿದು
ಕಂಟ್ರಾಕ್ಟರು ತರುವ ಘನಗಳನ್ನು ಎಷ್ಟು ಕಂಡಿಲ್ಲ.
ಕಟ್ಟಡಕ್ಕೆ ಬೀಳುವ ಮಾಲೇ ಬೇಕು.
ಒಂದೊಂದೇ ದಿರ್ಹಮ್ ಇಡು.

ಹಳೆಯ ಕ್ಯೂಬ್ ರಿಜಿಸ್ಟರಿನ ಹಿಂಬದಿ ಹಾಳೆ,
ನಾಲ್ಕು ಗೀಟಿಗೆ ಒಂದು ಅಡ್ಡಗೀಟು.
ಅವಳು ಕೊನೆತನಕ ಆಡಿದ ನೂರು ಆಟಕ್ಕೆ
ಹೆಚ್ಚುಕಮ್ಮಿ ಇಪ್ಪತ್ತೆಂಟು ಸಲ ಮುರಿಯಬೇಕು.
ನನ್ನ ಸಂಖ್ಯೆ ಇಲ್ಲಿಗೂ ಬಂತಲ್ಲ, ನಕ್ಕೆ.

ಐವತ್ತಾದಾಗ ಒಂಬತ್ತೇ. ಹದಿನಾಲ್ಕು ಬರಬೇಕಿತ್ತು.
ಸಿಪ್ರಿಯನ್ ಬಂಕಿನಿಂದ ಹಾರಿದ: ಸಿಕ್ಕಿಬಿದ್ದಳು!
ಕೂತುಕೋ. ಐವತ್ತರ ಮಟ್ಟಿಗೆ
ಎಂಟಕ್ಕೂ ಕ್ಷಮೆಯುಂಟು, ಇಪ್ಪತ್ತಕ್ಕೂ ಉಂಟು.

ಜುಲೈ ಹಾಗೇ ಕಳೆಯಿತು. ಎಸಿ ಪೇಂಟಿನ ಡಬ್ಬಿಗೆ ತೊಟ್ಟಿಕ್ಕಿತು,
ಕರಕ್ ಚಹಾದ ಕಪ್ಪುಗಳು ಕಿಟಕಿಯಲ್ಲಿ ಸಾಲುಗಟ್ಟಿದವು.
ಸಾವಿರ ತುಂಬಿದ ರಾತ್ರಿ ಕೂಡಿಸಿದೆ:
ಬರಬೇಕಾದದ್ದು ಇನ್ನೂರ ಎಂಬತ್ತು,
ಅತ್ತಿತ್ತ ಬಿಡಬಹುದಾದ ತೂಗಾಟ ಮತ್ತೆ ಇಪ್ಪತ್ತೆಂಟೇ,
ಬಂದದ್ದು ಇನ್ನೂರ ಅರವತ್ತೇಳು.

ಪಾಸು.
ಆ ಮಾತು ಬಾಯಿಗೆ ಬರಲಿಲ್ಲ.
ಮೋಸ ಕಾಣಿಸಲಿಲ್ಲ, ಅಂದೆ. ಇಲ್ಲವೆಂದಲ್ಲ, ಕಾಣಿಸಲಿಲ್ಲ.
ನಮ್ಮ ಸರ್ಟಿಫಿಕೇಟಿನ ಕೆಳಗೂ ಹಾಗೇ ಇರುತ್ತದೆ:
ಫಲಿತಾಂಶ ಈ ಮಾದರಿಗೆ ಮಾತ್ರ.

ಬಹಳ ಹೊತ್ತು ಫೋನು ಮಗುಚಿ ಹಿಡಿದು ಕೂತಿದ್ದ.
ಕಳ್ಳಿ ಸಿಕ್ಕಿದ್ದರೆ ಹೋದದ್ದು ಕಳವಾಗುತ್ತಿತ್ತು.
ಈಗ ಅದು ಖರ್ಚು.
‘ಹಾಗಾದರೆ ನನ್ನ ನಾಲ್ಕು ಸಾವಿರ ಎಲ್ಲಿಗೆ ಹೋಯಿತು?’

ಹಾಳೆಯ ಅಂಚಿನಲ್ಲಿ ಇನ್ನೊಂದು ಸಾಲು ಗೀಟಿತ್ತು,
ಮೊದಲ ರಾತ್ರಿಯಿಂದ ಹಾಕಿದ್ದು, ತೋರಿಸದೆ ಇಟ್ಟದ್ದು:
ಅವಳು ಎಲೆ ಮುಟ್ಟುವ ಮುಂಚೆಯೇ ಇವನು ಮುರಿದ ಆಟಗಳು.
ಇನ್ನೂರ ಮೂವತ್ತೊಂದು.
ಅಲ್ಲಿ ಅವಳು ಆಡಲೇ ಇಲ್ಲ. ಆಡುವ ಅಗತ್ಯವೂ ಇರಲಿಲ್ಲ.

ಇಬ್ಬರೂ ಮುರಿಯುವ ಮಾಲೇ, ಸಿಪ್ರಿಯನ್.
ಪ್ರೆಸ್ಸಿಗೆ ನಿನ್ನನ್ನು ಮೊದಲು ಇಡುತ್ತಾರೆ, ಅಷ್ಟೇ.

‘ನಾನು ಎರಡನೆಯವನಾಗಿ ಆಡಿದರೆ?’
ಅದಕ್ಕೆ ಮೇಜು ನಿನ್ನದಿರಬೇಕು.

ನಾಲ್ಕೂವರೆಗೆ ಬಸ್ಸು ಹಾರ್ನ್ ಹೊಡೆಯಿತು.
ಹೆಲ್ಮೆಟ್ಟು ಕಂಕುಳಿಗಿಟ್ಟು, ಏನೂ ಹೇಳದೆ ಇಳಿದುಹೋದ.
ಅವನ ಕ್ರೇನು ನಿಂತ ಕಟ್ಟಡದ ಘನಗಳು
ನಮ್ಮ ತೊಟ್ಟಿಯ ತಳದಲ್ಲಿವೆ.
ಇವತ್ತಿಗೆ ಹತ್ತೊಂಬತ್ತು ದಿನ.