ವಾಲ್ವುಗಳ ಪಟ್ಟಿ

ಮೇ ಮೂವತ್ತೊಂದಕ್ಕೆ ರಾಜೇಸಾಬ ನದಾಫ ರಿಟಾಯರ್.
ನೀರು ಬಿಡೋ ವಾಲ್ವುಗಳ ಪಟ್ಟಿ ಮಾಡಿ
ಸಹಿ ಹಾಕಿಸಿಕೊಳ್ಳಿ ಅಂದರು ಸಾಹೇಬರು ನನಗೆ.
ನಕಾಶೆ?
ಹಳೇ ಆಫೀಸಿನ ಕಪಾಟಿನಲ್ಲಿತ್ತು,
ಗೆದ್ದಲು ಓದಿ ಮುಗಿಸಿದೆ.

ಹಾಗಾಗಿ ನಸುಕಿನ ನಾಲ್ಕಕ್ಕೆ,
ಗುಳೇದಗುಡ್ಡ ಇನ್ನೂ ಕೌದಿಯೊಳಗಿರುವಾಗ,
ಅವನ ಹಿಂದೆ ನಾನು, ಬಗಲಲ್ಲಿ ರಿಜಿಸ್ಟರು.
ಅವನ ಹೆಗಲ ಮೇಲೆ ಕಬ್ಬಿಣದ ಉದ್ದನೆ ಕೀಲಿ,
ಅವನಷ್ಟೇ ಎತ್ತರ, ಅವನಿಗಿಂತ ನೆಟ್ಟಗೆ.

"ಬರ್ಕೋರಿ. ಒಂದನೇದು, ಟಾಕಿ ಬುಡಕ.
ಎಡಕ್ಕ ಎಂಟು ಸುತ್ತು.
ಒಂಬತ್ತು ತಿರುವಿದ್ರ ನೀಲಗಾರ ಓಣ್ಯಾಗ ಪೈಪು ಒಡೀತೈತಿ."
ಬರೆದೆ: ವಾಲ್ವು ೧, ಸುಸ್ಥಿತಿಯಲ್ಲಿದೆ.
ಸುತ್ತುಗಳಿಗೆ ಕಾಲಮ್ಮಿಲ್ಲ.

ನಮ್ಮೂರಲ್ಲಿ ವಾರಕ್ಕೆ ಎಂಟು ದಿನ,
ನೀರು ಬಂದಾಗ ಮುಗಿಯುತ್ತದೆ ವಾರ.
ಮದುವೆಗೆ ಮುಹೂರ್ತ ಐನೋರು ಇಡುತ್ತಾರೆ, ಖರೆ,
ಅದಕ್ಕೂ ಮೊದಲು ಯಾರೋ ಹಿರಿಯರು
ರಾಜೇಸಾಬನ ಕಟ್ಟೆಗೆ ಹೋಗಿ ಕೂತು
ನಮ್ಮ ಓಣಿ ಪಾಳಿ ಎಂದು ಅಂತ ಕೇಳಿರುತ್ತಾರೆ.

ಹದಿನೆಂಟನೇದು ಮುರಿಗೆವ್ವನ ಮನೆ ಮುಂದೆ.
ಎಂಬತ್ತೊಂಬತ್ತರ ಬೇಸಿಗೆಯಲ್ಲಿ ಆಕೆ ಒಗೆದ ತಂಬಿಗೆ
ಅವನ ಹುಬ್ಬಿನ ಮೇಲೆ ಇನ್ನೂ ಇದೆ, ಬಿಳೀ ಗೆರೆಯಾಗಿ.
ಇವತ್ತು ಆಕೆ ಚಹಾ ತಂದಳು,
"ಸಕ್ರಿ ಕಡಿಮಿ ಹಾಕೀನಿ, ನಿನಗ ಬ್ಯಾನಿ ಐತೆಲ್ಲ" ಅಂತ ಬೈಯುತ್ತ.

ಮೂವತ್ತೇಳರ ಮೇಲೆ ಮೆಂಬರರು ಕಟ್ಟೆ ಕಟ್ಟಿದ್ದಾರೆ.
ಕಲ್ಲೊಂದು ಸರಿಸಿ ಕೈ ಬಿಟ್ಟು
ಕುರುಡನಂತೆ ತಿರುಗಿಸುತ್ತಾನೆ.
ನಲವತ್ತು, ಮಠದ ಸಾಲು ಮೊದಲೋ ಮಸೀದಿ ಸಾಲು ಮೊದಲೋ,
ಎರಡು ಮೀಟಿಂಗು, ಒಂದು ಕಲ್ಲುತೂರಾಟದ ಅಂಚು.
"ನಡುವಿಂದು ಅರ್ಧ ತಗದೆ. ಎರಡೂ ಕಡೆ ಕೂಡೇ ಹೋತು.
ಇಬ್ರೂ ತಮಗ ಮೊದಲು ಬಂತು ಅಂತಾರ ಈಗೂ."
ಎಪ್ಪತ್ತೆರಡು ಅವನ ಕಿರುಬೆರಳಿನ ಅರ್ಧ ತಿಂದದ್ದು.
ಷರಾ: ಏನೂ ಇಲ್ಲ.

ಪ್ರತಿ ವಾಲ್ವಿಗೂ ಕೀಲಿ ಇಳಿಸಿ
ಹಿಡಿಗೆ ಕಿವಿ ಹಚ್ಚುತ್ತಾನೆ,
ಬಸುರಿ ಹೊಟ್ಟೆಗೆ ಸೂಲಗಿತ್ತಿ ಹಚ್ಚಿದ ಹಾಗೆ.
"ಬಂತು" ಅನ್ನುತ್ತಾನೆ.
ಓಣಿ ತುದಿಗೆ ಯಾರದೋ ಕೊಡ ಆಮೇಲೆ ದನಿ ಎತ್ತುತ್ತದೆ.

ಪುಸ್ತಕದಲ್ಲಿ ಎಂಬತ್ತಮೂರು. ಕಾಲಿಗೆ ಸಿಕ್ಕದ್ದು ತೊಂಬತ್ತು.
ಕೆಳಗಿನ ಪೇಟೆಯ ಡಾಂಬರಿನ ಮೇಲೆ
ಹಿಮ್ಮಡಿಯಿಂದ ಎರಡು ಸಲ ತಟ್ಟಿ ನಿಂತ.
"ಇಲ್ಲೊಂದೈತ್ರಿ. ಯಾವನೋ ಮಂತ್ರಿ ಬರ್ತಾನಂತ
ರಾತ್ರೋರಾತ್ರಿ ರಸ್ತೆ ಹಾಕಿದ್ರು. ಮುಚ್ಚಾಕ ಆಗಲಿಲ್ಲ.
ಹನ್ನೊಂದು ವರ್ಷಾತು, ತಗದೇ ಐತಿ."

ನೀರು ಎಲ್ಲಿಗೆ ಹೋಗುತ್ತದೆ?
ಅವನು ಮಾತಾಡಲಿಲ್ಲ. ನನಗೆ ಗೊತ್ತು, ಊರಿಗೆಲ್ಲ ಗೊತ್ತು,
ಅಂಬಾಸಾ ಪವಾರನ ಕುಣಿಮಗ್ಗದ ಕುಣಿ
ಏಪ್ರಿಲಿನಲ್ಲೂ ತಂಪು, ಎಳೆ ಹರಿಯುವುದಿಲ್ಲ.
ಗಂಗವ್ವ ಒಲಿದಾಳ ಅಂತ ಅವನ ಹೆಂಡತಿ
ಶುಕ್ರವಾರಕ್ಕೊಮ್ಮೆ ಕುಣಿಯ ಗೋಡೆಗೆ ಕುಂಕುಮ ಹಚ್ಚುತ್ತಾಳೆ.
ಖಣದ ಅಂಚಿನಲ್ಲಿ ತೇರು ಮೂಡುತ್ತಿರುತ್ತದೆ, ಕಟಕ್, ಕಟಕ್.

"ಬರದ್ರ ಅಗೀಬೇಕಾಗತೈತ್ರಿ" ಅಂದ.
"ಅಗದ್ರ ಮುಚ್ಚಬೇಕು."
ನಾನು ೯೧ ಅಂತ ಬರೆದೆ,
ಮುಂದೆ ಒಂದು ಗೆರೆ ಎಳೆದೆ,
ಪೆನ್ನು ಮುಚ್ಚಿದೆ.

ಜೂನಿನ ಮೊದಲ ಪಾಳಿ. ಹೊಸ ಹುಡುಗ,
ಗುತ್ತಿಗೆ ಮೇಲೆ ಬಂದವ, ತೋಳಲ್ಲಿ ಹುರುಪು.
ನೀಲಗಾರ ಓಣಿಯಲ್ಲಿ ನೆಲ ಸೀಳಿ
ಮಾಳಿಗೆ ಎತ್ತರಕ್ಕೆ ನೀರು.
ಹೆಂಗಸರು ಪುರಸಭೆಯನ್ನು ಬೈಯುತ್ತ ಬಿಂದಿಗೆ ಒಡ್ಡಿದರು,
ಹುಡುಗರು ಚಡ್ಡಿಯಲ್ಲೇ ಮಿಂದರು,
ಎಮ್ಮೆಯೊಂದು ಬಂದು ನಡುವೆ ನಿಂತು
ಕದಲಲೇ ಇಲ್ಲ.

ಆಚೆ ಚಹಾದಂಗಡಿಯ ಕಲ್ಲಿನ ಮೇಲೆ ರಾಜೇಸಾಬ.
ಕಪ್ಪು ಕೆಳಗಿಟ್ಟು ಎರಡೂ ಕೈಯೆತ್ತಿ
ಬೆರಳು ತೋರಿಸಿದ, ಇಷ್ಟ ಸುತ್ತು ಅಂತ.
ತೊಯ್ದು ತೊಪ್ಪೆಯಾದ ಹುಡುಗ ಕಣ್ಣು ಕಿರಿದು ಮಾಡಿ ಎಣಿಸಿ
ನನ್ನ ಕಡೆ ತಿರುಗಿದ:
"ಎಂಟೇನ್ರಿ, ಏಳೂವರಿಯೇನ್ರಿ?"